ನುಂಗುವ ಕೆಲಸ

ಕಣ್ಣಿನ ಒಳಮೂಲೆಯಲ್ಲಿದ್ದ ಹಳದಿ ಗುರುತು ಹಗಲು ಬೆಳಕಿನಲ್ಲಿ ಹೆಚ್ಚು ಕಾಣುತ್ತದೆಯೋ ಟ್ಯೂಬ್‌ಲೈಟಿನ ಬೆಳಕಿನಲ್ಲೋ ಎಂಬುದನ್ನು ನಿರ್ಧರಿಸಲು ಅವನಿಗೆ ಇನ್ನೂ ಆಗಿರಲಿಲ್ಲ. ಎಣ್ಣೆ ಗಿರಣಿಯ ಕೈತೊಳೆಯುವ ಕೋಣೆಯ ಕನ್ನಡಿ ನಡುವೆ ಸೀಳಿದ್ದರಿಂದ ಮುಖದ ಎರಡು ಭಾಗಗಳು ಒಂದಕ್ಕೊಂದು ಕೂಡದೆ ನಿಲ್ಲುತ್ತಿದ್ದವು. ಅವನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲಿ, ರೆಪ್ಪೆಯ ಚರ್ಮವನ್ನು ಬೆರಳಿನಿಂದ ಎಳೆದು ನೋಡಿದ. ಅಕ್ಕಿಕಾಳಿಗಿಂತ ಚಿಕ್ಕದು. ನೋವಿಲ್ಲ, ತುರಿಕೆಯಿಲ್ಲ. ಬೇರೆಯವರು ನೋಡಿದರೆ ನಿದ್ದೆಗೆಟ್ಟ ಕಣ್ಣು ಎಂದುಕೊಂಡಾರು, ಅಷ್ಟೆ. ಆದರೆ ಕನ್ನಡಕ ಬದಲಿಸಲು ಹೋದಾಗ ಕಣ್ಣಿನ ಡಾಕ್ಟರು ದೀಪವನ್ನು ಹತ್ತಿರಕ್ಕೆ ತಂದು, ಮಾತನ್ನು ಸ್ವಲ್ಪ ತಡೆದು, "ಮನೇಲಿ ಇನ್ಯಾರಿಗಾದ್ರೂ ಹೀಗಿದ್ಯಾ?" ಎಂದು ಕೇಳಿದ್ದರು. ಇಲ್ಲ ಎಂದು ಹೇಳಿ ಹೊರಗೆ ಬಂದು, ರಸ್ತೆ ದಾಟುವಾಗ ಅವನಿಗೆ ಅಪ್ಪನ ರೆಪ್ಪೆಗಳು ನೆನಪಾದವು. ಊಟದ ಹೊತ್ತಿನಲ್ಲಿ ಎದುರಿಗೆ ಕೂತ ಅಪ್ಪ ಕಣ್ಣು ಮುಚ್ಚಿ ಅಗಿಯುತ್ತಿದ್ದರು. ಆ ಮುಚ್ಚಿದ ರೆಪ್ಪೆಗಳ ಮೇಲೆ ಎರಡು ಹಳದಿ ಹನಿಗಳಿದ್ದವು. ಸಾರು ಸಿಡಿದಿದೆ ಎಂದುಕೊಂಡು ಅವನು ಒಮ್ಮೆ ಕೈಚಾಚಿ ಒರೆಸಲು ಹೋಗಿದ್ದ. ಅದಾದ ಮರುವರ್ಷವೇ ಅಪ್ಪ ಕಚೇರಿಯ ಮೆಟ್ಟಿಲಿನ ಮೇಲೆ ಕೂತವರು ಏಳಲಿಲ್ಲ. ಇನ್ನೂ ತಲೆಗೂದಲು ನರೆತಿರಲಿಲ್ಲ.

ಲ್ಯಾಬಿನಲ್ಲಿ ಆ ದಿನದ ಮಾದರಿಗಳು ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿ ಕಾಯುತ್ತಿದ್ದವು. ಕೊಬ್ಬರಿ ಎಣ್ಣೆಯನ್ನು ಮೈಬಿಸಿಗೆ ತಂದು, ಲೋಟದ ಬಾಯನ್ನು ಅಂಗೈಯಿಂದ ಮುಚ್ಚಿ, ತೆರೆದೊಡನೆ ಬರುವ ಮೊದಲ ವಾಸನೆಯನ್ನು ಹಿಡಿಯಬೇಕು. ಎರಡನೆಯ ಸಲ ಮೂಸುವಷ್ಟರಲ್ಲಿ ಮೂಗು ಆಗಲೇ ರಾಜಿಯಾಗಿರುತ್ತದೆ. ಆಮೇಲೆ ನಾಲಿಗೆಯ ಮೇಲೆ ಅರ್ಧ ಚಮಚ, ಹಲ್ಲುಗಳ ಸಂದಿಯಿಂದ ಒಳಗೆಳೆದ ಗಾಳಿ, ಕೆನ್ನೆಯ ಒಳಗೋಡೆಗಳಿಗೆ ತಾಗುವಂತೆ ಒಂದು ಸುತ್ತು, ಕೊನೆಗೆ ಸ್ಟೀಲ್ ಬೋಗುಣಿಗೆ ಉಗಿಯುವುದು, ಬೆಚ್ಚನೆಯ ನೀರಿನಲ್ಲಿ ಬಾಯಿ ಮುಕ್ಕಳಿಸುವುದು. ಕಮಟು, ಹೊಗೆ, ಸೋಪಿನ ಛಾಯೆ ಇವುಗಳನ್ನು ಯಂತ್ರಕ್ಕಿಂತ ಮೊದಲು ಅವನು ಹೇಳಬಲ್ಲವನಾದ್ದರಿಂದ ಗಿರಣಿಯಲ್ಲಿ ಅವನಿಗೆ 'ನಾಲಿಗೆ' ಎಂಬ ಹೆಸರು ಬಿದ್ದಿತ್ತು. ಉಗಿಯುವುದೇ ಸರಿಯಾದ ಕ್ರಮ, ಪಠ್ಯದಲ್ಲಿರುವುದೂ ಅದೇ. ಆದರೆ ಈ ಗಿರಣಿಯಲ್ಲಿ ಹೊರಗಿನವರ ಎದುರು ಉಗಿಯುವಂತಿರಲಿಲ್ಲ. ಮಾಲೀಕರ ತಂದೆಯ ಕಾಲದಲ್ಲಿ ಯಾರೋ ವ್ಯಾಪಾರಿ ಎಣ್ಣೆಯಲ್ಲಿ ಕಲಬೆರಕೆಯಿದೆ ಎಂದು ಅಂಗಳದಲ್ಲೇ ಕೂಗಾಡಿದ್ದನಂತೆ; ಹಿರಿಯರು ಮಾತಾಡದೆ ಅದೇ ಡಬ್ಬದಿಂದ ಒಂದು ಲೋಟ ಬಗ್ಗಿಸಿ ಗಟಗಟನೆ ಕುಡಿದು ಬಾಯಿ ಒರೆಸಿಕೊಂಡರಂತೆ. ಅಂದಿನಿಂದ ಅದೊಂದು ಪದ್ಧತಿಯಾಗಿ, ಕೊಳ್ಳುವವರು ಬಂದಾಗಲೆಲ್ಲ ಪರೀಕ್ಷಕನಾದವನು ಅವರ ಕಣ್ಣೆದುರು ಒಂದು ಚಮಚ ನುಂಗಬೇಕಿತ್ತು. ಕೆಲಸಕ್ಕೆ ಸೇರಿದ ವಾರ ಅವನು ಅಭ್ಯಾಸಬಲದಿಂದ ಉಗಿದುಬಿಟ್ಟಾಗ ಮಾಲೀಕರು ಗದರಿರಲಿಲ್ಲ. ಮೆಲ್ಲಗೆ, ಮಗುವಿಗೆ ಹೇಳುವಂತೆ, "ನಾವೇ ಉಗಿದ್ರೆ ಅವರ್ಯಾಕ್ರೀ ನುಂಗ್ತಾರೆ?" ಎಂದಿದ್ದರು. ಅಲ್ಲಿದ್ದವರೆಲ್ಲ ನಕ್ಕಿದ್ದರು. ಆ ನಗುವಿನ ನೆನಪಿನಿಂದ ಇವತ್ತಿಗೂ ಅವನ ಕಿವಿ ಬಿಸಿಯಾಗುತ್ತಿತ್ತು.

ಆ ಹಳದಿ ರಕ್ತದಲ್ಲಿನ ಕೊಬ್ಬಿನ ಗುರುತಿರಬಹುದೆಂದು ಕಣ್ಣಿನ ಡಾಕ್ಟರು ಬರೆದುಕೊಟ್ಟಿದ್ದ ಪರೀಕ್ಷೆಗೆ ರಕ್ತ ಕೊಡಲು ಅವನು ಊರಿನ ಇನ್ನೊಂದು ತುದಿಗೆ ಹೋಗಿದ್ದ. ಕೊಬ್ಬರಿ ಎಣ್ಣೆಯ ಕಂಪನಿಯವನು ಕೊಲೆಸ್ಟರಾಲ್ ಪರೀಕ್ಷೆಗೆ ಸಾಲಿನಲ್ಲಿ ನಿಂತಿರುವುದನ್ನು ಯಾರಾದರೂ ನೋಡಿಯಾರು ಎಂಬ ಅಳುಕು. ಅಲ್ಲಿಯ ಡಾಕ್ಟರು ಅವನಿಗಿಂತ ಚಿಕ್ಕವಳು. ಮಾತಿನಲ್ಲಿ ಹೆದರಿಸುವ ಆತುರವಾಗಲಿ ಸಮಾಧಾನಪಡಿಸುವ ಆತುರವಾಗಲಿ ಇರಲಿಲ್ಲ. ಅವನೇ ವಾದಕ್ಕಿಳಿದಿದ್ದ. ಈ ಎಣ್ಣೆ ಕಾಯಿಸಿದರೆ ಬೇಗ ಕೆಡುವುದಿಲ್ಲ, ಒಣಚರ್ಮಕ್ಕೆ ಒಳ್ಳೆಯದು, ಕೂದಲಿನ ಸತ್ವ ಸೋರದಂತೆ ತಡೆಯುತ್ತದೆ, ಒಳ್ಳೆಯ ಕೊಲೆಸ್ಟರಾಲನ್ನೂ ಏರಿಸುತ್ತದೆ. ಒಂದೊಂದಕ್ಕೂ ಅವಳು ತಲೆಯಾಡಿಸಿದಳು. "ಎಲ್ಲ ನಿಜ. ಚರ್ಮಕ್ಕೆ ಹಚ್ಕೊಳ್ಳಿ, ತಲೆಗೆ ಹಚ್ಕೊಳ್ಳಿ, ಒಗ್ಗರಣೆಗೆ ಒಂದಿಷ್ಟು ಹಾಕಿದ್ರೂ ನಾನೇನೂ ಬೈಯಲ್ಲ. ಆದ್ರೆ ಇದ್ರಲ್ಲಿ ಗಟ್ಟಿಕೊಬ್ಬೇ ಜಾಸ್ತಿ, ಕೆಟ್ಟದ್ದನ್ನೂ ಏರಿಸುತ್ತೆ. ಒಳ್ಳೇದು ಏರಿದ ಮಾತ್ರಕ್ಕೆ ಕೆಟ್ಟದ್ದರ ಕೆಲಸ ನಿಲ್ಲಲ್ಲ. ನಿಮ್ಮ ರಕ್ತದಲ್ಲಿ ಹುಟ್ಟಿನಿಂದಲೇ ಹೊರೆ ಇದೆ. ನೀವು ಅದರ ಮೇಲೆ ದಿನಾ ಚಮಚಗಟ್ಟಲೆ ಕುಡೀತಾ ಇದ್ದೀರಿ." ಅವನು ಕೊನೆಯ ವಾದ ಹೂಡಿದ: ಅಪ್ಪ ಆಯುಷ್ಯದಲ್ಲಿ ಒಂದು ತೊಟ್ಟೂ ಕೊಬ್ಬರಿ ಎಣ್ಣೆ ಕುಡಿದವರಲ್ಲ. "ಹೌದಲ್ವಾ," ಎಂದಳು ಅವಳು, "ಕುಡೀದೇನೇ ಹೋದ್ರಲ್ಲ." ಆ ಮಾತು ತನ್ನ ವಾದವನ್ನು ಎತ್ತಿ ತಲೆಕೆಳಗಾಗಿ ಇಟ್ಟದ್ದು ಅವನಿಗೆ ತಿಳಿಯುವಷ್ಟರಲ್ಲಿ ಅವಳು ಮಾತ್ರೆ ಬರೆಯುತ್ತಾ ಕೇಳಿದ್ದಳು. "ಒಡಹುಟ್ಟಿದವರು ಇದ್ದಾರಾ?" "ಒಬ್ಳು ಅಕ್ಕ." "ಅವರಿಗೆ ಹೇಳಿ. ಮಕ್ಕಳಿದ್ರೆ ಮಕ್ಕಳಿಗೂ ನೋಡಿಸಬೇಕು. ತಡ ಮಾಡಬೇಡಿ." ಹೇಳ್ತೀನಿ ಎಂದಿದ್ದ. ಅದು ಹೋದ ತಿಂಗಳ ಮಾತು. ಅಂದಿನಿಂದ ಬೆಳಿಗ್ಗೆ ಏಳುವಾಗ ಇಂದು ಹೇಳುತ್ತೇನೆ ಎಂದೂ, ಮಲಗುವಾಗ ನಾಳೆ ಹೇಳುತ್ತೇನೆ ಎಂದೂ ಅವನು ದಿನಗಳನ್ನು ಮಡಿಸಿ ಇಡುತ್ತಿದ್ದ.

"ಏನ್ ನಾಲಿಗೆ ಸಾಹೇಬ್ರೇ, ಬಾಯಿ ತುಂಬ ಎಣ್ಣೇನೋ, ಮೌನವ್ರತಾನೋ?" ಬಾಗಿಲಲ್ಲಿ ಪ್ರಚಾರದ ಮ್ಯಾನೇಜರು ನಿಂತಿದ್ದ. ಇಬ್ಬರೇ ಇದ್ದರೂ ಸಭೆಯನ್ನುದ್ದೇಶಿಸಿ ಮಾತಾಡುವವನಂತೆ ದನಿ ಎತ್ತುವ ಅವನನ್ನು ಎಲ್ಲರೂ 'ಮೈಕು' ಎನ್ನುತ್ತಿದ್ದರು. ಅವನಿಗೂ ಗೊತ್ತಿತ್ತು, ಒಳಗೊಳಗೆ ಖುಷಿಯೂ ಇತ್ತು. ಸಂಜೆ ಸಭಾಂಗಣದಲ್ಲಿ ಕಂಪನಿಯ ಆರೋಗ್ಯ ಸಭೆ. ಬಂದವರಿಗೆಲ್ಲ ಒಂದೊಂದು ಚಮಚ, ವೇದಿಕೆಯ ಮೇಲೆ ನಾಲಿಗೆಯದು ಮೊದಲ ಚಮಚ. ಇದು ಹೊಸದೇನಲ್ಲ. "ಈ ಸಲ ಒಂದು ವಿಶೇಷ ಇದೆ," ಎಂದ ಮೈಕು, ಮೇಜಿನ ಅಂಚಿಗೆ ಕೂತು ಕಾಲು ಆಡಿಸುತ್ತಾ. "ನಿಮ್ಮಕ್ಕ ಮಾತಾಡ್ತಾರೆ."

"ಯಾರ ಅಕ್ಕ?"

"ಎಷ್ಟು ಜನ ಅಕ್ಕಂದಿರಿದ್ದಾರ್ರೀ ನಿಮಗೆ? ನನ್ನ ಕೋಟು ಸಣ್ಣ ಮಾಡಿಸೋಕೆ ಹೋಗಿದ್ದೆ ಅವರ ಹತ್ರ. ಮಾತಿಗೆ ಮಾತು ಬಂತು. ಮಾತ್ರೆ ಬಿಟ್ಟು ನಮ್ಮ ಎಣ್ಣೆ ಕುಡೀತಾರಂತೆ, ಕಾಲುನೋವು ಮಾಯವಂತೆ, ಮೆಷಿನ್ನು ಮೊದಲಿಗಿಂತ ಜೋರಾಗಿ ತುಳೀತಾರಂತೆ! ದುಡ್ಡು ಕೊಟ್ಟು ಕರೆಸಿದ ನಟಿ ಬಾಯಲ್ಲೂ ಇಷ್ಟು ಚೆನ್ನಾಗಿ ಬರಲ್ಲ. ಇಂಥವರನ್ನ ಮನೇಲಿಟ್ಕೊಂಡು ಬಾಯಿ ಬಿಟ್ಟಿಲ್ಲವಲ್ಲ ನೀವು, ಮಹಾ ಗಟ್ಟಿಗ್ರು."

ಎಣ್ಣೆಯ ಹುಳಿಯಂಶ ಅಳೆಯಲು ಅವನು ಕ್ಷಾರವನ್ನು ಹನಿಹನಿಯಾಗಿ ಬಿಡುತ್ತಿದ್ದ ಗಾಜಿನೊಳಗೆ ಗುಲಾಬಿ ಬಣ್ಣ ಒಮ್ಮೆಲೇ ಕಡುವಾಗಿಬಿಟ್ಟಿತು. ತಿಳಿಗುಲಾಬಿ ಮೂಡಿ ನಿಂತೊಡನೆ ನಲ್ಲಿಯನ್ನು ತಿರುಗಿಸಿ ನಿಲ್ಲಿಸಬೇಕಿತ್ತು. ಅವನ ಕೈ ನಲ್ಲಿಯ ಮೇಲೇ ಇತ್ತು, ಆದರೂ ತಿರುಗಿಸಿರಲಿಲ್ಲ. ಆ ಮಾದರಿಯನ್ನು ಚೆಲ್ಲಿ ಮತ್ತೆ ಮೊದಲಿನಿಂದ ತೂಗಬೇಕಾಯಿತು. ಮೈಕು ಹೋದ ಮೇಲೆ ಕೋಣೆಯಲ್ಲಿ ಅವನ ದನಿ ಸ್ವಲ್ಪ ಹೊತ್ತು ಉಳಿದಂತಿತ್ತು. ಮಾತ್ರೆ ಬಿಟ್ಟದ್ದು. ಅದು ಅವನು ರಕ್ತ ನೋಡಿಸುವುದಕ್ಕೂ ಮೊದಲು, ಅಕ್ಕನ ಅಡುಗೆಮನೆಯಲ್ಲಿ ನಡೆದದ್ದು. ಅಕ್ಕ ಶಾಲಾ ಸಮವಸ್ತ್ರಗಳಿಗೆ ಗುಂಡಿ ಹೊಲಿಯುತ್ತಾ ಕೂತಿದ್ದಳು, ಬಾಯಲ್ಲಿ ಸೂಜಿ, ಅದರಿಂದಾಗಿ ಅರ್ಧ ತೆರೆದ ತುಟಿಯ ಮಾತು: ಈ ಕೊಲೆಸ್ಟರಾಲಿನ ಮಾತ್ರೆ ತಗೊಂಡಾಗಿಂದ ಕಾಲಿನ ಮೀನಖಂಡ ಹಿಂಡಿದ ಹಾಗೆ ನೋಯುತ್ತೆ ಕಣೋ ಪುಟ್ಟ, ಮೆಷಿನ್ನು ತುಳಿಯೋಕಾಗಲ್ಲ, ಇದನ್ನ ಬಿಟ್ಟು ನಿಮ್ಮ ಎಣ್ಣೆ ಕುಡಿದ್ರೆ ಆಗಲ್ವಾ? ಅವನು ಊಟ ಮಾಡುತ್ತಿದ್ದ. ಪ್ರಶ್ನೆಯನ್ನು ತುಂಡುಮಾಡಿ, ಯಾವ ತುಂಡಿಗೆ ಏನು ಆಧಾರವಿದೆ ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡು, ಮೊದಲ ತುಂಡಿಗೆ ಉತ್ತರ ಕೊಟ್ಟ: "ಒಳ್ಳೆ ಕೊಲೆಸ್ಟರಾಲ್ ಏರುತ್ತೆ ಅನ್ನೋದು ನಿಜ." ಎರಡನೆಯ ತುಂಡನ್ನು ಹೇಳುವ ಮೊದಲು ತುತ್ತು ಬಾಯಿಗೆ ಹೋಗಿತ್ತು. ಅಗಿದು ನುಂಗುವಷ್ಟರಲ್ಲಿ ಅಕ್ಕ ಸೂಜಿ ತೆಗೆದು ನಕ್ಕು, "ನೋಡಿದ್ಯಾ, ನನಗನ್ನಿಸಿದ್ದೇ ಸರಿ," ಎಂದು ಮಗಳತ್ತ ತಿರುಗಿದ್ದಳು. ಆ ನಗುವಿನಲ್ಲಿ ನೋವಿನಿಂದ ಬಿಡುಗಡೆಯಿತ್ತು, ತಮ್ಮ ಓದಿದವನೆಂಬ ಹೆಮ್ಮೆಯಿತ್ತು. ಅದನ್ನು ಅಲ್ಲೇ ಮುರಿಯಲು ಅವನಿಗೆ ಮನಸ್ಸಾಗಲಿಲ್ಲ. ತಾನು ಸುಳ್ಳು ಹೇಳಲಿಲ್ಲ. ಹೇಳಿದ ಒಂದೊಂದು ಅಕ್ಷರವೂ ಪರೀಕ್ಷೆಗೆ ನಿಲ್ಲುತ್ತದೆ. ಇದನ್ನು ಅವನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದನೆಂದರೆ ಈಗ ಅದಕ್ಕೆ ಮೂಗಿಗೆ ಹತ್ತುವಂಥ ಒಂದು ಕಮಟು ಬಂದಿತ್ತು.

ಮಧ್ಯಾಹ್ನ ಗೋದಾಮಿನ ಹಿಂದೆ, ಚೀಲಗಳ ನೆರಳಿನಲ್ಲಿ ನಿಂತು ಫೋನ್ ಮಾಡಿದ. ಆ ಕಡೆ ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು.

"ಹೇಳಪ್ಪ ವಿಜ್ಞಾನಿ."

"ಅಕ್ಕ, ಸಂಜೆ ನೀನು ಬರೋದು ಬೇಡ."

"ಯಾಕೆ, ನಿನ್ನ ಕಂಪನಿಯವರೆದುರು ದರ್ಜಿ ಅಕ್ಕ ಅಂತ ನಾಚಿಕೆಯೋ?"

"ಹಾಗಲ್ಲ."

"ಮತ್ತೆ? ನಾನು ಹೊಸ ಚಪ್ಪಲಿ ಬೇರೆ ತಗೊಂಡಿದ್ದೀನಿ. ನಿನ್ನ ಭಾವ ಅಂತೂ, 'ಮೈಕು ಕೈಗೆ ಸಿಕ್ಕಿದ್ರೆ ನೀನು ವಾಪಸ್ ಕೊಡಲ್ಲ, ನಾವು ಊಟ ಮಾಡ್ಕೊಂಡು ಮಲಗ್ತೀವಿ' ಅಂತ ಆಡ್ಕೊಳ್ತಿದ್ದಾರೆ." ಅವಳು ನಕ್ಕಳು. ಆಮೇಲೆ ದನಿ ತಗ್ಗಿಸಿ ಹೇಳಿದಳು. "ನೋಡು ಪುಟ್ಟ, ನಿನ್ನನ್ನ ಓದಿಸಿದ್ದೀನಿ ಅಂತ ನಾನು ಯಾರ ಹತ್ರಾನೂ ಹೇಳ್ಕೊಂಡಿಲ್ಲ. ಒಂದ್ಸಲ ನಾಲ್ಕು ಜನರ ಮುಂದೆ, ನನ್ನ ತಮ್ಮ ಹೇಳಿದ, ನಾನು ಕೇಳಿದೆ, ನನಗೆ ಒಳ್ಳೇದಾಯ್ತು ಅಂತ ಹೇಳ್ತೀನಿ. ಅಷ್ಟೇ. ಅದಕ್ಕೂ ಬೇಡ ಅಂತೀಯಾ?"

ಎಲ್ಲ ಪದಗಳೂ ಅವನ ಬಳಿ ಸಿದ್ಧವಿದ್ದವು, ಕ್ರಮವಾಗಿ, ಒಂದರ ಹಿಂದೊಂದು: ನಮ್ಮದು ಅಪ್ಪನಿಂದ ಬಂದ ರಕ್ತ, ನನ್ನದು ನೋಡಿಸಿದೆ, ನಿನ್ನ ಮಾತ್ರೆ ಬಿಡಬಾರದಿತ್ತು. ಆದರೆ ಮೊದಲನೆಯದನ್ನು ತೆಗೆದರೆ ಉಳಿದವು ತಾವಾಗಿ ಉರುಳಿಬರುತ್ತವೆ, ಕೊನೆಗೆ ಉಳಿಯುವುದು ತಾನು ಸುಮ್ಮನಿದ್ದದ್ದು. "ಇಲ್ಲ," ಎಂದ. "ಬಾ." ಫೋನ್ ಜೇಬಿಗೆ ಹಾಕಿ ತಿರುಗಿದಾಗ ಮಾಲೀಕರು ಗೋದಾಮಿನ ಬಾಗಿಲಲ್ಲಿ ನಿಂತಿದ್ದರು. ಏನನ್ನಾದರೂ ಕೇಳಿಸಿಕೊಂಡರೋ ಇಲ್ಲವೋ. "ಊಟ ಆಯ್ತಾ?" ಎಂದರು. ಆಯಿತು ಎಂದ, ಆಗಿರಲಿಲ್ಲ.

ಸಭಾಂಗಣದ ಪಂಖಗಳು ಗಾಳಿಗಿಂತ ಸದ್ದನ್ನೇ ಹೆಚ್ಚು ಬೀಸುತ್ತಿದ್ದವು. ಎಲ್ಲ ಕುರ್ಚಿಗಳೂ ತುಂಬಿದ್ದವು. ವಯಸ್ಸಾದವರೇ ಹೆಚ್ಚು, ಮೊಣಕಾಲು, ಸಕ್ಕರೆ, ಮರೆವು, ಮಲಬದ್ಧತೆ ಎಂದು ಒಬ್ಬೊಬ್ಬರೂ ಒಂದೊಂದು ಆಸೆಯನ್ನು ಹೊತ್ತು ಬಂದವರು. ಮೈಕು ಮಾತಾಡುತ್ತಿದ್ದ, ಚಪ್ಪಾಳೆಗೆ ಜಾಗ ಬಿಟ್ಟು ಮಾತಾಡುತ್ತಿದ್ದ. ನಾಲಿಗೆ ವೇದಿಕೆಯ ಮೇಲೆ ಮಾಲೀಕರ ಪಕ್ಕದ ಕುರ್ಚಿಯಲ್ಲಿ, ಬೆನ್ನು ಊರದೆ ಕೂತಿದ್ದ. ಮೈಕಿನ ಮಾತುಗಳಲ್ಲಿ ಯಾವುದು ನಿಜ, ಯಾವುದು ಅರೆನಿಜ, ಯಾವುದು ಹಸಿ ಸುಳ್ಳು ಎಂದು ಮನಸ್ಸು ತನ್ನಷ್ಟಕ್ಕೆ ಮೂರು ಗುಡ್ಡೆ ಮಾಡುತ್ತಾ ಹೋಯಿತು. ಚರ್ಮದ್ದು ಇಲ್ಲಿ, ಕೂದಲಿನದ್ದು ಇಲ್ಲಿ, ಮರೆವಿನದ್ದು ಅಲ್ಲಿ, ಹೃದಯದ್ದು ಅತ್ತ ಕೊನೆಯಲ್ಲಿ. ಇಷ್ಟು ಅಚ್ಚುಕಟ್ಟಾಗಿ ವಿಂಗಡಿಸಬಲ್ಲವನು ಕೈಕಟ್ಟಿ ಕೂತಿರುವುದನ್ನು ಕೆಳಗಿನಿಂದ ನೋಡಿದವರು ಒಪ್ಪಿಗೆಯೆಂದೇ ಓದಿಕೊಳ್ಳುತ್ತಾರೆ ಎಂದು ಹೊಳೆದು, ಕೈಗಳನ್ನು ಬಿಡಿಸಿ ತೊಡೆಯ ಮೇಲಿಟ್ಟುಕೊಂಡ. ಅದೂ ಒಪ್ಪಿಗೆಯಂತೆಯೇ ಕಾಣುತ್ತಿತ್ತು.

ಅಕ್ಕನ ಸರದಿ ಬಂತು. ಕೈಗೆ ಕೊಟ್ಟ ಮೈಕನ್ನು ಅವಳು ಕತ್ತರಿ ಹಿಡಿದ ಹಾಗೆ ಹಿಡಿದಳು. "ನಂಗೆ ಭಾಷಣ ಬರಲ್ಲ. ಮೀಟರ್ ಗಟ್ಟಲೆ ಮಾತಾಡೋರು ಈಗಾಗ್ಲೇ ಮಾತಾಡಿದ್ದಾರೆ, ನಾನು ತುಂಡು ಬಟ್ಟೆಯವಳು." ಜನ ನಕ್ಕರು, ಮೈಕೂ ನಕ್ಕ. "ನನ್ನ ಕಾಲು ನೋಯ್ತಿತ್ತು. ಮಾತ್ರೆ ಬಿಟ್ಟೆ, ನೋವು ಹೋಯ್ತು. ಎಣ್ಣೆ ಕುಡಿದೆ, ಚೆನ್ನಾಗಿದ್ದೀನಿ. ಇದನ್ನ ಕುಡೀರಿ ಅಂತ ಪೇಪರಲ್ಲಿ ಓದಿದ್ರೆ, ಟೀವೀಲಿ ನೋಡಿದ್ರೆ ನಾನು ನಂಬ್ತಿರಲಿಲ್ಲ. ನನ್ನ ತಮ್ಮ ಹೇಳಿದ. ಅವನು ಚಿಕ್ಕಂದಿನಿಂದ್ಲೂ ಅಷ್ಟೇ, ಎರಡು ಸಲ ಅಳತೆ ಮಾಡದೆ ಮಾತಾಡೋನಲ್ಲ." ಅವಳು ಅವನತ್ತ ಕೈತೋರಿಸಿದಳು. ಅಷ್ಟೂ ಮುಖಗಳು ತಿರುಗಿದವು. ಮಾತ್ರೆ ಬಿಟ್ಟದ್ದರಿಂದ ನೋವು ಹೋಯಿತು, ಎಣ್ಣೆಯಿಂದಲ್ಲ. ಅವಳೇ ಈಗ ಹಾಗೆಂದಳು, ಸಾಲಾಗಿ ಬಿಡಿಸಿ ಹೇಳಿದಳು, ಆದರೂ ಅಲ್ಲಿ ಯಾರಿಗೂ ಅದು ಕೇಳಿಸಲಿಲ್ಲ.

ಚಮಚಗಳು ಸಾಲುಗಳಲ್ಲಿ ಹರಿದಾಡಿದವು. ಅಕ್ಕನ ಕೈಗೂ ಒಂದು ಬಂತು, ಅವನ ಕೈಗೂ ಒಂದು. "ಮೊದಲು ನಮ್ಮ ನಾಲಿಗೆ!" ಎಂದು ಮೈಕು ಕೂಗಿದ. ಅವನು ಎಣ್ಣೆಯನ್ನು ಬಾಯಿಗೆ ಹಾಕಿಕೊಂಡ. ಇವತ್ತಿನದೇ ಎಣ್ಣೆ, ಒಳ್ಳೆಯ ಎಣ್ಣೆ, ಯಾವ ದೋಷವೂ ಇರಲಿಲ್ಲ; ಬೆಚ್ಚಗೆ, ತಿಳಿಯಾಗಿ, ಹಸಿ ಕಾಯಿಯ ಸಿಹಿ ನೆನಪಿನೊಡನೆ ನಾಲಿಗೆಯ ಮೇಲೆ ಹರಡಿಕೊಂಡಿತು. ನುಂಗಲು ಗಂಟಲು ಏಳಬೇಕು. ಏಳುವ ಮೊದಲೇ ಮೂರನೆಯ ಸಾಲಿನಲ್ಲಿ, ಬಟ್ಟೆಯ ಚೀಲವನ್ನು ಎದೆಗವಚಿಕೊಂಡ ವಯಸ್ಸಾದ ಹೆಂಗಸೊಬ್ಬಳು ಎದ್ದು ನಿಂತಳು.

"ಸ್ವಾಮೀ, ಒಂದು ಮಾತು. ನಂಗೂ ಹಾರ್ಟಿಗೆ ಅಂತ ಮಾತ್ರೆ ಕೊಟ್ಟಿದ್ದಾರೆ. ಈ ಯಮ್ಮ ಬಿಟ್ಟಂಗೆ ನಾನೂ ಬಿಟ್ಟುಬಿಡಲಾ?"

"ಸರಿಯಾದ ಪ್ರಶ್ನೆ!" ಎಂದ ಮೈಕು. "ಇದಕ್ಕೆ ನಾನಲ್ಲ, ಸೈಂಟಿಸ್ಟೇ ಉತ್ತರ ಕೊಡ್ತಾರೆ." ತನ್ನ ಕೈಯಲ್ಲಿದ್ದ ಮೈಕನ್ನು ತಂದು ಅವನ ಬಾಯಿಯ ಮುಂದೆ ಹಿಡಿದ.

ಬಾಯಿ ತುಂಬಿತ್ತು. ಮಾತಾಡಬೇಕಾದರೆ ಅದನ್ನು ಖಾಲಿ ಮಾಡಬೇಕು, ಖಾಲಿ ಮಾಡಲು ಇರುವುದು ಎರಡೇ ದಾರಿ. ನುಂಗಿದರೆ ಉತ್ತರ ಆಗಲೇ ಕೊಟ್ಟಂತೆ. ಆಮೇಲೆ ಏನು ಹೇಳಿದರೂ ಅದು ನುಂಗಿದವನ ಮಾತು. ಹೆಂಗಸು ಕತ್ತು ಮೇಲೆತ್ತಿ ಕಾಯುತ್ತಿದ್ದಳು, ತುಟಿ ಸ್ವಲ್ಪ ತೆರೆದು, ಮದ್ದು ಕುಡಿಸಿಕೊಳ್ಳುವ ಮಗುವಿನಂತೆ. ಎಣ್ಣೆ ಕೆನ್ನೆಗಳೊಳಗೆ ಬಿಸಿಯೇರಿ ನೀರಿನಂತಾಯಿತು. ಮಾಲೀಕರು ಗಂಟಲು ಸರಿಪಡಿಸಿಕೊಂಡರು. ಕರವಸ್ತ್ರಕ್ಕಾಗಿ ಜೇಬು ತಡಕಿದ, ಇರಲಿಲ್ಲ. ಮೇಜಿನ ಮೇಲೆ ಮಾಲೀಕರ ನೀರಿನ ಲೋಟವಿತ್ತು. ಅದನ್ನೆತ್ತಿ ಬಾಯಿಗಿಟ್ಟ, ಎಲ್ಲರೂ ನೀರು ಕುಡಿಯುತ್ತಾನೆ ಎಂದುಕೊಂಡರು, ಅದರೊಳಕ್ಕೆ ಉಗಿದ. ನೀರಿನ ಮೇಲೆ ಎಣ್ಣೆ ಗುಂಡಗೆ ತೇಲಿತು.

"ಬಿಡಬೇಡಿ," ಎಂದ. ಮೈಕಿನಲ್ಲಿ ಅವನ ದನಿ ಅವನಿಗೇ ಅಪರಿಚಿತವಾಗಿತ್ತು. "ಮಾತ್ರೆ ಬಿಡಬೇಡಿ, ಅಮ್ಮ. ಎಣ್ಣೆ ಕುಡಿಯೋದಾದ್ರೆ ನಿಮ್ಮ ಡಾಕ್ಟರನ್ನ ಕೇಳಿ. ಇದನ್ನ ಕೈಕಾಲಿಗೆ ಹಚ್ಕೊಳ್ಳಿ."

ಎಲ್ಲೋ ಹಿಂದೆ ಒಬ್ಬರು ನಕ್ಕರು, ಮೈಕು ಆ ನಗುವಿಗೆ ಜೋತುಬಿದ್ದು, "ನೋಡಿ, ಸೈಂಟಿಸ್ಟು ಅಂದ್ರೆ ಹೀಗೆ, ವಿಪರೀತ ಹುಷಾರು!" ಎಂದ. ಮಾಲೀಕರು ಲೋಟವನ್ನು ಎರಡು ಬೆರಳಿನಿಂದ ದೂರ ಸರಿಸಿ, ಮುಖ ತಿರುಗಿಸದೆ, "ನಾಳೆ ನನ್ನ ಕೋಣೆಗೆ ಬನ್ನಿ," ಎಂದರು. ಆದರೆ ಈ ಯಾವುದನ್ನೂ ಅವನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಅಕ್ಕ ಅವನನ್ನೇ ನೋಡುತ್ತಿದ್ದಳು. ಅವಳ ಕೆನ್ನೆಗಳು ಉಬ್ಬಿದ್ದವು. ಅವನು ಬಾಯಿಗೆ ಹಾಕಿಕೊಂಡೊಡನೆ ಅವಳೂ ಹಾಕಿಕೊಂಡಿದ್ದಳು. ಮುಖಗಳು ಒಂದೊಂದಾಗಿ ಅವನಿಂದ ಅವಳತ್ತ ಹೊರಳಿದವು. ಮಾತ್ರೆ ಬಿಟ್ಟವಳು. ತಮ್ಮ ಹೇಳಿದ ಎಂದವಳು. ಅವನು ಸಣ್ಣಗೆ ತಲೆಯಾಡಿಸಿದ, ಬೇಡ ಎಂದು. ಅವಳು ಕಣ್ಣು ಕದಲಿಸದೆ, ಬೆನ್ನು ನೆಟ್ಟಗೆ ಮಾಡಿಕೊಂಡು, ಅಷ್ಟೂ ಜನರೆದುರು ನುಂಗಿದಳು.

ಸಭಾಂಗಣದ ಹಿಂದಿನ ಬಾಗಿಲು ಒಂದು ಓಣಿಗೆ ತೆರೆಯುತ್ತಿತ್ತು. ಅಲ್ಲಿ ಮಡಚಿಟ್ಟ ಕುರ್ಚಿಗಳು, ಕೆಟ್ಟುಹೋದ ಒಂದು ತೂಕದ ಯಂತ್ರ. ಅಕ್ಕ ಗೋಡೆಗೆ ಕೈ ಊರಿ ಹೊಸ ಚಪ್ಪಲಿಯ ಪಟ್ಟಿಯನ್ನು ಸಡಿಲಿಸುತ್ತಿದ್ದಳು. ಹಿಮ್ಮಡಿ ಕೆಂಪಾಗಿತ್ತು.

"ಯಾರೋ ಗೊತ್ತಿಲ್ಲದೋರಿಗೆ ಹೇಳೋಕೆ ಬಾಯಿ ಬಂತು," ಎಂದಳು, ಬಗ್ಗಿಯೇ.

"ಅಕ್ಕ, ನೀನು ಯಾಕೆ ನುಂಗಿದೆ?"

"ಇನ್ನೇನು ಮಾಡಲಿ? ನೀನು ಉಗಿದೆ ಅಂತ ನಾನೂ ಉಗೀಲಾ? ಅಕ್ಕ ತಮ್ಮ ಇಬ್ರೂ ಸೇರಿ ನಾಟಕ ಆಡಿದ್ರು ಅನ್ನಿಸ್ಕೊಳ್ಳಲಾ?" ಅವಳು ನೆಟ್ಟಗೆ ನಿಂತಳು. "ಯಾವಾಗಿಂದ ಗೊತ್ತು ನಿಂಗೆ?"

"ನೋಡು, ಇದರಲ್ಲಿ ಎರಡು ವಿಷಯ ಇದೆ. ಸಾಮಾನ್ಯವಾಗಿ ಎಲ್ಲರಿಗೂ…"

"ಕಥೆ ಕಟ್ಟಬೇಡ. ಹೇಳು."

"ನನ್ನ ರಕ್ತ ನೋಡಿಸಿದೆ. ಹೋದ ತಿಂಗಳು. ಅಪ್ಪನದೇ ಕಾಯಿಲೆ. ನಿಂಗೂ ಅದೇ ಇರಬೇಕು." ಉಸಿರು ತೆಗೆದುಕೊಂಡ. "ಮಾತ್ರೆ ಬಿಡಬಾರದು ಅನ್ನೋದು ಮೊದಲಿಂದ್ಲೂ ಗೊತ್ತಿತ್ತು. ಅವತ್ತು ಊಟದ ಹೊತ್ತಲ್ಲೇ ಗೊತ್ತಿತ್ತು."

ಅವಳು ಬೈಯುತ್ತಾಳೆ ಎಂದು ಕಾದ. ಚಿಕ್ಕಂದಿನಲ್ಲಿ ಅವಳು ಹೊಡೆಯುವ ಮೊದಲು ಅಳತೆಪಟ್ಟಿಯನ್ನು ಕುತ್ತಿಗೆಯಿಂದ ತೆಗೆದು ಪಕ್ಕಕ್ಕಿಡುತ್ತಿದ್ದಳು. ಈಗ ಅವಳ ಕೈ ಬರಿದಾದ ಕುತ್ತಿಗೆಗೆ ಹೋಗಿ ಅಲ್ಲೇ ನಿಂತಿತು. ಅವಳ ಮುಖದಲ್ಲಿ ಸಿಟ್ಟು ಏರುತ್ತಾ ಬಂದದ್ದು ಅರ್ಧದಲ್ಲೇ ಬೇರೆ ಯಾವುದಕ್ಕೋ ದಾರಿ ಬಿಟ್ಟಿತು.

"ಗುಂಡೀಗೆ ದಿನಾ ಕೊಡ್ತಿದ್ದೀನಿ," ಎಂದಳು. ಗುಂಡಿ ಎಂದರೆ ಅವಳ ಮಗಳು, ಹೊಲಿಗೆಯ ಗುಂಡಿಗಳನ್ನು ಪೋಣಿಸಿ ಆಡುತ್ತಾ ಬೆಳೆದವಳು. "ಮಾಮ ಹೇಳಿದ್ದಾನೆ, ಬುದ್ಧಿ ಚುರುಕಾಗುತ್ತೆ ಅಂತ ನಾನೇ ಸೇರಿಸಿ ಹೇಳಿ ಕುಡಿಸ್ತೀನಿ. ಮೂಗು ಹಿಡ್ಕೊಂಡು ಕುಡೀತಾಳೆ." ಅವಳ ದನಿ ಒಡೆಯಲಿಲ್ಲ, ತೆಳುವಾಯಿತು. "ಅಪ್ಪನಿಂದ ನಂಗೆ. ನನ್ನಿಂದ ಅವಳಿಗೆ?"

"ಬಂದಿರಬಹುದು, ಬರದೇನೂ ಇರಬಹುದು," ಎಂದ. ಅಲ್ಲಿಗೆ ನಿಲ್ಲಬಹುದಿತ್ತು, ಅದೂ ನಿಜವೇ. "ಸಮ ಸಮ ಸಾಧ್ಯತೆ. ನೋಡಿಸಲೇಬೇಕು. ಡಾಕ್ಟರು ಅವತ್ತೇ ಹೇಳಿದ್ರು, ಮಕ್ಕಳಿಗೂ ನೋಡಿಸಿ ಅಂತ. ನಾನು ಹೇಳಲಿಲ್ಲ."

ಅವಳು ಚಪ್ಪಲಿಗಳನ್ನು ಕಳಚಿ ಕೈಗೆತ್ತಿಕೊಂಡಳು. ಓಣಿಯ ತುದಿಯಲ್ಲಿ ಬಸ್ಸುಗಳು ತಿರುಗುವ ಬೆಳಕು ಗೋಡೆಯ ಮೇಲೆ ಹಾದುಹೋಯಿತು. "ಆ ಡಾಕ್ಟರ ಹತ್ರ ಈಗಲೇ ಹೋಗೋಣ. ಗುಂಡೀನ ಎಬ್ಬಿಸ್ಕೊಂಡು ಬರ್ತೀನಿ. ನೀನು ಬಾ, ದಾರಿ ತೋರಿಸು. ಆದ್ರೆ ಒಂದು ಮಾತೂ ಆಡಬೇಡ ನನ್ನ ಹತ್ರ. ಒಂದೇ ಒಂದು ಮಾತೂ." ಬರಿಗಾಲಿನಲ್ಲಿ ಅವಳು ಮುಂದೆ ನಡೆದಳು, ಮೊದಲಿನಂತೆಯೇ ವೇಗವಾಗಿ, ಮೀನಖಂಡಗಳಲ್ಲಿ ಯಾವ ನೋವೂ ಇಲ್ಲದವಳಂತೆ.

ಅವನು ಹಿಂದೆ ನಡೆದ. ಮಾತಾಡಬೇಡ ಎಂದಿದ್ದಾಳೆ, ಅದರಲ್ಲಿ ಒಂದು ನೆಮ್ಮದಿಯೂ ಇತ್ತು, ಯಾರೋ ಬಾಗಿಲು ಮುಚ್ಚಿಕೊಟ್ಟಂಥ ನೆಮ್ಮದಿ. ಅವಳು ಹೇಳಿದ್ದಕ್ಕೆ ತಾನು ಸುಮ್ಮನಿದ್ದೆ ಎನ್ನಬಹುದು, ಅದು ಅಕ್ಷರಶಃ ನಿಜವಾಗಿರುತ್ತದೆ. ಓಣಿ ಮುಗಿದು ರಸ್ತೆ ಬಂತು. ಅವಳು ದಾಟಲು ನಿಂತಳು, ತಿರುಗಿ ನೋಡಲಿಲ್ಲ.

"ಅಕ್ಕ," ಎಂದ.

ಅವಳ ಭುಜಗಳು ಬಿಗಿದವು.

"ಈಗ ಹೋದ್ರೆ ಅಲ್ಲಿ ಬಾಗಿಲು ಹಾಕಿರುತ್ತೆ. ಬೆಳಿಗ್ಗೆ ತೆಗೆಯೋ ಹೊತ್ತಿಗೆ ಮೂವರೂ ಹೋಗೋಣ, ಖಾಲಿ ಹೊಟ್ಟೇಲಿ. ನಿಂಗೆ ಅವರು ಬೇರೆ ಮಾತ್ರೆ ಕೊಡ್ತಾರೆ, ಕಾಲು ನೋಯದಿರೋದು ಇರುತ್ತೆ, ಮೊದಲನೇದು ಸರಿಹೋಗದಿದ್ರೆ ಎರಡನೇದು. ಗುಂಡೀಗೆ ರಕ್ತ ತೆಗೆಯುವಾಗ ನಾನು ಕೂತ್ಕೋತೀನಿ, ನನ್ನ ತೊಡೆ ಮೇಲೆ ಕೂರಿಸ್ಕೋತೀನಿ. ಮತ್ತೆ ನಾಳೆ ಎದ್ದ ಮೇಲೆ ಅವಳಿಗೆ ಏನೂ ಕೊಡಬೇಡ. ಅವಳು ಕೇಳಿದ್ರೆ, ಮಾಮ ತಪ್ಪು ಹೇಳಿದ್ದ ಅಂತ ಹೇಳು."

ಒಂದು ಬಸ್ಸು ಹೋಯಿತು, ಇನ್ನೊಂದು ಹೋಯಿತು. ಅವಳು ದಾಟಲಿಲ್ಲ.

"ಅದನ್ನ ನೀನೇ ಹೇಳು," ಎಂದಳು.